ನಿಲುಗಡೆಯ ದಂಡ ಮತ್ತು ನಮ್ಮ ನೀತಿಬೋಧೆ

ಅಮೆರಿಕದಲ್ಲಿ ನೆಲೆಸಿದ ನಮ್ಮವರ ವಾರಾಂತ್ಯದ ಊಟದ ಕೂಟಗಳಲ್ಲಿ ಆಗಾಗ ಕೇಳಿಬರುವ ಒಂದು ಮಾತಿದೆ: ‘ತಪ್ಪು ಮಾಡಿದವರು ದಂಡ ಕಟ್ಟಲಿ, ಅದರಲ್ಲೇನು ಕಷ್ಟ?’ ಪಾರ್ಕಿಂಗ್ ಟಿಕೆಟ್ ಕಟ್ಟಲಾಗದೆ ಸಾಲದಲ್ಲಿ ಮುಳುಗಿದವರ ಸುದ್ದಿ ಬಂದಾಗಲೆಲ್ಲ ಈ ಮಾತು ಹೊರಡುತ್ತದೆ. ಹೇಳುವವರು ಕೆಟ್ಟವರೇನಲ್ಲ. ಟಿಕೆಟ್ ಬಂದ ಸಂಜೆಯೇ ಫೋನ್ ತೆಗೆದು, ಕಾರ್ಡ್ ಸಂಖ್ಯೆ ಒತ್ತಿ, ಮರೆತುಬಿಡಬಲ್ಲವರು. ಹಾಗೆ ಮರೆಯಲು ಸಾಧ್ಯವಾಗುವುದೂ ಒಂದು ಸವಲತ್ತು ಎಂಬುದು ಅವರ ಗಮನಕ್ಕೆ ಬಂದಿರುವುದಿಲ್ಲ.

ಶಿಕಾಗೊ ನಗರವನ್ನೇ ನೋಡೋಣ. ಅಲ್ಲಿನ ನಿವಾಸಿಗಳು ತಮ್ಮ ವಾಹನಕ್ಕೆ ನಗರಾಡಳಿತದ ಸ್ಟಿಕರ್ ಅಂಟಿಸಬೇಕು. ಸಾಮಾನ್ಯ ಕಾರಿನ ಸ್ಟಿಕರಿಗೆ ಸುಮಾರು ನೂರು ಡಾಲರ್ ಬೆಲೆ. ಅದಿಲ್ಲದಿದ್ದರೆ ದಂಡ 200 ಡಾಲರ್. ಮೊದಲು 120 ಇದ್ದದ್ದನ್ನು 2012ರ ಹೊತ್ತಿಗೆ ವರಮಾನಕ್ಕಾಗಿ ಏರಿಸಲಾಯಿತು. ಗಡುವು ಮೀರಿದರೆ ಅದು 400 ಆಗುತ್ತಿತ್ತು. ವಸೂಲಿಗೆ ಹೋದರೆ ಶೇ. 22ರಷ್ಟು ಶುಲ್ಕ ಸೇರಿ 488. ನೂರು ಡಾಲರ್ ಹೊಂದಿಸಲಾಗದೆ ಸ್ಟಿಕರ್ ಕೊಳ್ಳದವನು 488 ಹೊಂದಿಸಬಲ್ಲನೆಂದು ಯಾವ ಲೆಕ್ಕಿಗ ನಂಬಿದನೋ!

ಕಥೆ ಅಲ್ಲಿಗೆ ನಿಲ್ಲುವುದಿಲ್ಲ. ಮೂರು ಟಿಕೆಟ್ ಬಾಕಿಯಿದ್ದರೆ, ಅಥವಾ ವರ್ಷ ದಾಟಿದ ಎರಡೇ ಇದ್ದರೂ, ಕಾರಿನ ಗಾಲಿಗೆ ಬೀಗ ಬೀಳುತ್ತದೆ. ಬಿಡಿಸಿಕೊಳ್ಳದಿದ್ದರೆ ಕಾರನ್ನೇ ಎಳೆದೊಯ್ಯುತ್ತಾರೆ. ಎಳೆದದ್ದಕ್ಕೆ ಒಂದು ಶುಲ್ಕ, ಇಟ್ಟುಕೊಂಡದ್ದಕ್ಕೆ ದಿನದ ಲೆಕ್ಕದಲ್ಲಿ ಇನ್ನೊಂದು. ಹತ್ತು ಟಿಕೆಟ್ ಬಾಕಿಯಾದರೆ ಚಾಲನಾ ಪರವಾನಗಿಯೇ ಅಮಾನತಾಗುತ್ತಿತ್ತು. ಕಾರಿಲ್ಲದೆ ಕೆಲಸವಿಲ್ಲ, ಕೆಲಸವಿಲ್ಲದೆ ದಂಡ ತೀರುವುದಿಲ್ಲ. ಹೀಗೆ ಸಿಕ್ಕಿಬಿದ್ದ ಸಾವಿರಾರು ಮಂದಿ, ಅದರಲ್ಲೂ ಹೆಚ್ಚಾಗಿ ಕಪ್ಪು ಜನ, ಕಾರು ಬಿಡಿಸಿಕೊಳ್ಳಲು ದಿವಾಳಿ ಅರ್ಜಿಯ ಮೊರೆ ಹೋದದ್ದನ್ನು ಪ್ರೊಪಬ್ಲಿಕಾ ಇಲಿನಾಯ್ 2018ರಲ್ಲಿ ಬಯಲಿಗೆಳೆಯಿತು. ಆ ದಾರಿಯೂ ಕಿರಿದಾಯಿತು. ವಾಹನವನ್ನು ವಶದಲ್ಲಿ ಇಟ್ಟುಕೊಂಡ ಮಾತ್ರಕ್ಕೆ ನಗರಾಡಳಿತವು ದಿವಾಳಿ ಕಾನೂನಿನ ತಡೆಯ ವಿಧಿಯನ್ನು ಮುರಿದಂತಾಗದು ಎಂದು 2021ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ತೀರ್ಪನ್ನು ಒಪ್ಪಿಕೊಂಡ ನ್ಯಾಯಮೂರ್ತಿ ಸೋನಿಯಾ ಸೊಟೊಮೇಯರ್ ಕೂಡ, ಕಾರಿಲ್ಲದೆ ದುಡಿಮೆಗೆ ಹೋಗಲಾಗದವರು ಸಾಲ ತೀರಿಸುವುದು ಹೇಗೆಂಬ ಕಳವಳವನ್ನು ಪ್ರತ್ಯೇಕವಾಗಿ ಬರೆದಿಟ್ಟರು.

ಮಿಸ್ಸೂರಿ ರಾಜ್ಯದ ಫರ್ಗುಸನ್ನಿನ ಲೆಕ್ಕ ಇನ್ನೂ ಕ್ರೂರ. ಅಮೆರಿಕದ ನ್ಯಾಯಾಂಗ ಇಲಾಖೆ 2015ರ ಮಾರ್ಚ್‌ನಲ್ಲಿ ಪ್ರಕಟಿಸಿದ ವರದಿಯಲ್ಲಿ ಒಬ್ಬ ಕಪ್ಪು ಮಹಿಳೆಯ ವೃತ್ತಾಂತವಿದೆ. 2007ರಲ್ಲಿ ಒಮ್ಮೆ ಕಾರನ್ನು ತಪ್ಪಾಗಿ ನಿಲ್ಲಿಸಿದ್ದಕ್ಕೆ ಎರಡು ಟಿಕೆಟ್, 151 ಡಾಲರ್ ದಂಡ, ಮೇಲೆ ಶುಲ್ಕ. ಆಕೆಗೆ ನಿಲ್ಲಲು ನೆಲೆಯಿರಲಿಲ್ಲ. ನ್ಯಾಯಾಲಯಕ್ಕೆ ಹಾಜರಾಗದಿದ್ದಾಗಲೆಲ್ಲ ಹೊಸ ಆರೋಪ, ಹೊಸ ದಂಡ. ಎರಡು ಸಲ ಬಂಧನ, ಆರು ದಿನ ಸೆರೆವಾಸ. ಒಮ್ಮೆ 25, ಇನ್ನೊಮ್ಮೆ 50 ಡಾಲರ್ ಕಟ್ಟಲು ಹೋದಾಗ, ಪೂರ್ತಿ ಕಟ್ಟದಿದ್ದರೆ ಬೇಡವೆಂದು ನ್ಯಾಯಾಲಯ ಹಿಂದಿರುಗಿಸಿತು. 2014ರ ಡಿಸೆಂಬರಿಗೆ ಆಕೆ ಕಟ್ಟಿದ್ದು 550 ಡಾಲರ್. ಇನ್ನೂ ಬಾಕಿ 541.

‘ಕಾನೂನು ಎಲ್ಲರಿಗೂ ಒಂದೇ’ ಎನ್ನುವವರು ನ್ಯೂಯಾರ್ಕಿನ ರಾಜತಾಂತ್ರಿಕರತ್ತ ನೋಡಬೇಕು. ಅರ್ಥಶಾಸ್ತ್ರಜ್ಞರಾದ ರೇಮಂಡ್ ಫಿಸ್ಮನ್ ಮತ್ತು ಎಡ್ವರ್ಡ್ ಮಿಗೆಲ್ ತೋರಿಸಿದಂತೆ, 1997ರಿಂದ 2002ರವರೆಗೆ ಅವರು ಕಟ್ಟದೆ ಬಿಟ್ಟ ಟಿಕೆಟ್‌ಗಳು ಒಂದೂವರೆ ಲಕ್ಷಕ್ಕೂ ಹೆಚ್ಚು. ಮೊತ್ತ ಒಂದು ಕೋಟಿ ಎಂಬತ್ತು ಲಕ್ಷ ಡಾಲರಿಗೂ ಮೇಲು. ಯಾರೂ ಸೆರೆಮನೆಗೆ ಹೋಗಲಿಲ್ಲ. ನಂಬರ್ ಪ್ಲೇಟು ಕಿತ್ತುಕೊಳ್ಳುತ್ತೇವೆಂದು ನಗರಾಡಳಿತ ಹೊರಟಮೇಲಷ್ಟೇ ಆ ಗಣ್ಯರಿಗೆ ರಸ್ತೆಯ ಶಿಸ್ತು ನೆನಪಾಯಿತು.

ಹಾಗಾದರೆ ದಂಡವೇ ಬೇಡವೇ? ಬೇಕು. ಬೆಂಕಿ ನಂದಿಸುವ ನೀರಿನ ನಲ್ಲಿಯ ಮುಂದೆ, ಗಾಲಿಕುರ್ಚಿಯವರ ಜಾಗದಲ್ಲಿ ಕಾರು ನಿಲ್ಲಿಸುವವರ ಮೇಲೆ ನನಗೂ ಸಿಟ್ಟಿದೆ. ಆದರೆ ತಿಂಗಳಿಗೆ ಹತ್ತು ಸಾವಿರ ಗಳಿಸುವವನಿಗೂ ಸಾವಿರದ ಐನೂರು ಗಳಿಸುವವಳಿಗೂ ಒಂದೇ 200 ಡಾಲರ್ ಎಂಬುದು ಸಮಾನತೆಯಲ್ಲ. ಅತಿವೇಗದ ಗಂಭೀರ ಪ್ರಕರಣಗಳಲ್ಲಿ ಫಿನ್ಲೆಂಡ್ ಆದಾಯಕ್ಕೆ ತಕ್ಕಂತೆ ದಂಡ ವಿಧಿಸುತ್ತದೆ. ಆ ದೇಶವೇನೂ ಅರಾಜಕತೆಗೆ ಇಳಿದಿಲ್ಲ. ಬೆಂಗಳೂರಿನಲ್ಲಿ 2023ರ ಫೆಬ್ರುವರಿಯಲ್ಲಿ ಸಂಚಾರ ದಂಡದ ಬಾಕಿಗೆ ಅರ್ಧ ರಿಯಾಯಿತಿ ಕೊಟ್ಟಾಗ ಜನ ಮುಗಿಬಿದ್ದು ಕಟ್ಟಿದರು. ಬಡವ ಶ್ರೀಮಂತ ನೋಡದ ಆ ರಿಯಾಯಿತಿಯನ್ನು ನಾನು ಆದರ್ಶವೆನ್ನಲಾರೆ. ಆದರೂ, ಕಟ್ಟಬಹುದಾದ ಮೊತ್ತ ಕೇಳಿದರೆ ಜನ ಕಟ್ಟುತ್ತಾರೆ ಎಂಬುದಷ್ಟು ಅಲ್ಲಿ ಕಂಡಿತು.

ಶಿಕಾಗೊದಲ್ಲೂ ಒತ್ತಡ ಫಲ ಕೊಟ್ಟಿದೆ. 2019ರ ಸುಧಾರಣೆಯಲ್ಲಿ ಸ್ಟಿಕರ್ ದಂಡದ ವಿಳಂಬ ಶುಲ್ಕ 200ರಿಂದ 50 ಡಾಲರಿಗೆ ಇಳಿಯಿತು. 2020ರ ಜುಲೈಯಿಂದ ಪಾರ್ಕಿಂಗ್ ಬಾಕಿಗಾಗಿ ಪರವಾನಗಿ ಕಸಿಯುವುದನ್ನು ಇಲಿನಾಯ್ ರಾಜ್ಯವೇ ನಿಲ್ಲಿಸಿತು. ಇದನ್ನು ಸಾಧಿಸಿದವರು ಬೀದಿಗಿಳಿದ ಸಂಘಟನೆಗಳು, ಪತ್ರಕರ್ತರು ಮತ್ತು ಬಾಧಿತರು. ನಮ್ಮಲ್ಲಿ ಪೌರತ್ವ ಪಡೆದು ಮತ ಹಾಕುವವರು ಎಷ್ಟೋ ಮಂದಿ ಇದ್ದೇವೆ. ನಮ್ಮ ನಮ್ಮ ಊರಿನ ಬಜೆಟ್ ಸಭೆಗೆ ಒಂದು ಸಂಜೆ ಹೋಗಿ, ಈ ವರ್ಷ ದಂಡದಿಂದ ಎಷ್ಟು ವರಮಾನ ನಿರೀಕ್ಷಿಸಿದ್ದೀರಿ, ಅದು ಯಾವ ಬಡಾವಣೆಗಳಿಂದ ಬರುತ್ತದೆ ಎಂದು ಕೇಳಲು ನಮಗೆ ಯಾರ ಅಡ್ಡಿಯೂ ಇಲ್ಲ.