ನಾಲ್ಕು ಹೆಜ್ಜೆ ಇಡಬಲ್ಲಿರಾ?

ಸಿರುಗುಪ್ಪದ ಗದ್ದೆಗಳಲ್ಲಿ ನಾಟಿಯ ಕಾಲಕ್ಕೆ ಬದುವಿನ ಮೇಲೆ ಕಾಲು ಜಾರುವುದು ಹೊಸ ಸಂಗತಿಯಲ್ಲ. ಪಾದವು ಒಳಮುಖವಾಗಿ ಹೊರಳುತ್ತದೆ. ನೋಡನೋಡುತ್ತ ಕಣಕಾಲು ಊದಿಕೊಳ್ಳುತ್ತದೆ. ಒಡನೆಯೇ ಎಣ್ಣೆ ಕಾಯಿಸುವುದು, ಉಳುಕು ತೆಗೆಯಬಲ್ಲವರಿಗೆ ಹೇಳಿಕಳುಹಿಸುವುದು ಮನೆಮನೆಯ ಪದ್ಧತಿ. ಸೊಂಟ ಹಿಡಿದರಂತೂ, ಕಾಲು ಮುಂದಾಗಿ ಹುಟ್ಟಿದವರಿಂದ ಒದೆಸಿಕೊಳ್ಳಬೇಕೆಂಬ ನಂಬಿಕೆಯೂ ಉಂಟಷ್ಟೆ! ಒದೆಯುವವರಿಗೆ ಅದರಿಂದ ನೋವಾದುದನ್ನು ನಾವು ಕೇಳಿಲ್ಲ.

ಎಲುಬಿಗೂ ಎಲುಬಿಗೂ ಬಿಗಿದ ಅಸ್ಥಿರಜ್ಜು ಹಿಗ್ಗಿದರೆ ಅಥವಾ ಹರಿದರೆ ಅದು ಉಳುಕು. ಮಾಂಸಖಂಡವೇ ಎಳೆಬಿಟ್ಟರೆ ಅದು ಸ್ನಾಯುವಿನ ಎಳೆತ. ಎರಡರಲ್ಲಿಯೂ ಒಳಗೆ ರಕ್ತ ಒಸರಬಹುದು. ಆದುದರಿಂದ ಮೊದಲ ಎರಡು ಮೂರು ದಿನ ಬಲವಾಗಿ ನೀವುವುದೂ ಶಾಖ ಕೊಡುವುದೂ ಸಲ್ಲದು. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ ನೋವನ್ನು ತಗ್ಗಿಸೀತು. ಕಾಲನ್ನು ದಿಂಬಿನ ಮೇಲೆ ಎತ್ತರಿಸಿಟ್ಟರೆ ಊತ ಇಳಿದೀತು.

ನಿಜವಾದ ಭಯ ಬೇರೆಯೇ ಇದೆ. ಉಳುಕೆಂದು ನೀವಿಸಿಕೊಂಡ ಕಾಲಿನಲ್ಲಿ ಎಲುಬು ಮುರಿದಿದ್ದರೆ? ಇದನ್ನು ಅರಿಯಲು 1992ರಲ್ಲಿ ಕೆನಡಾದ ಆಟವಾ ನಗರದ ವೈದ್ಯರು ಬಹು ಸರಳವಾದ ಪರೀಕ್ಷೆಯೊಂದನ್ನು ಪ್ರಕಟಿಸಿದರು. ಕಣಕಾಲಿನ ಒಳ ಹೊರ ಗಿಣ್ಣುಗಳ ಹಿಂಬದಿಯನ್ನೂ ತುದಿಯನ್ನೂ, ಪಾದದ ನಡುಭಾಗದ ಎಲುಬುಗಳನ್ನೂ ಒತ್ತಿ ನೋಡಬೇಕು. ಎಲುಬಿನ ಮೇಲೆಯೇ ನೋವಿದ್ದರೆ, ಇಲ್ಲವೆ ಕುಂಟುತ್ತಲಾದರೂ ನಾಲ್ಕು ಹೆಜ್ಜೆ ಇಡಲಾಗದಿದ್ದರೆ, ಕ್ಷಕಿರಣದ ಚಿತ್ರ ತೆಗೆಸಲೇಬೇಕು. ಎಳೆಯ ಮಕ್ಕಳಿಗೂ, ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶಜ್ಞಾನ ಕುಂದಿದವರಿಗೂ ಈ ಪರೀಕ್ಷೆಯನ್ನು ನೆಚ್ಚಬಾರದು; ಅವರನ್ನು ನೇರವಾಗಿ ವೈದ್ಯರಿಗೆ ತೋರಿಸುವುದೇ ಲೇಸು.

ಕುರುಗೋಡು ಸಿರುಗುಪ್ಪಗಳವರಿಗೆ ಬಳ್ಳಾರಿ ಕಂಟೋನ್ಮೆಂಟಿನಲ್ಲಿ ದೊಡ್ಡಾಸ್ಪತ್ರೆಯೇ ಇದೆ. 1961ರಲ್ಲಿ ಆರಂಭವಾದ ಸರ್ಕಾರಿ ವೈದ್ಯಕೀಯ ಕಾಲೇಜಿಗೆ ಸೇರಿದ, ಜನರು ವಿಮ್ಸ್ ಎಂದೇ ಬಲ್ಲ ಆಸ್ಪತ್ರೆಯದು. ಅದನ್ನು ದಾಟಿ ಆಂಧ್ರದ ಪುತ್ತೂರು ಕಟ್ಟನ್ನು ಅರಸಿ ಹೋಗುವವರೂ ಇದ್ದಾರೆ. ಅವರವರ ನಂಬಿಕೆ ಅವರವರದು. ಆದರೆ ಚಿತ್ರ ತೆಗೆಸದೆ ಯಾವ ಕಟ್ಟಿಗೂ ಕಾಲು ನೀಡಬೇಡಿರಿ. ಯಾರು ಕಟ್ಟಿದ ಕಟ್ಟೇ ಆಗಲಿ, ಬೆರಳುಗಳು ತಣ್ಣಗಾಗಿ, ನೀಲಿಗಟ್ಟಿ, ಮರಗಟ್ಟಿದರೆ, ನೋವು ಏರುತ್ತಲೇ ಹೋದರೆ, ಬೆಳಗಾಗಲೆಂದು ಕಾಯಬಾರದು. ರಕ್ತಸಂಚಾರ ನಿಂತ ಕಾಲು ಕೆಲವೇ ಗಂಟೆಗಳಲ್ಲಿ ಕೈತಪ್ಪಿ ಹೋದೀತು. ಕಟ್ಟನ್ನು ಬಿಚ್ಚಿಸಿ ಆ ರಾತ್ರಿಯೇ ಆಸ್ಪತ್ರೆಗೆ ಕರೆತರಬೇಕು.

ಮುರಿದಿಲ್ಲವೆಂದು ತಿಳಿದ ಮೇಲೆ ತಿಂಗಳುಗಟ್ಟಲೆ ಮಲಗುವುದೂ ತಪ್ಪು. ನೋವು ತಾಳುವಷ್ಟು ಪಾದವನ್ನು ಆಡಿಸುತ್ತ, ಕೆಲವು ದಿನಗಳಲ್ಲಿಯೇ ಮೆಲ್ಲನೆ ನಡೆಯತೊಡಗಬೇಕು. ಒಮ್ಮೆ ಉಳುಕಿದ ಕಾಲು ಮತ್ತೆ ಉಳುಕುವುದು ಹೆಚ್ಚು. ಅದಕ್ಕೆ ತೂಕ ಹಿಡಿದು ನಿಲ್ಲುವುದನ್ನು ಹೊಸದಾಗಿ ಕಲಿಸಬೇಕು. ಊತ ಇಳಿದ ಮೇಲೆ, ಬೆಳಗ್ಗೆ ಹಲ್ಲುಜ್ಜುವಷ್ಟು ಹೊತ್ತು ಆ ಒಂಟಿ ಕಾಲಿನಲ್ಲಿ ನಿಂತು ನೋಡಿರಿ. ಗೋಡೆ ಮಾತ್ರ ಕೈಗೆಟಕುವಂತಿರಲಿ.