ಕುರಿಗಳ ಊರಿಗೆ ಬೆಲ್ಲನ ಮೊದಲ ರಜೆ

ನಾಯಿಮರಿ ಮನೆಗೆ ಬಂದ ಮೇಲೆ ಮೊದಲು ಹೋಗೋದು ನಿದ್ದೆ, ಆಮೇಲೆ ಸಾಕ್ಸು, ಮೂರನೆಯದು ರಜೆ. ಹೋಟೆಲ್‌ಗೆ ಫೋನ್ ಮಾಡಿ ‘ಜೊತೆಗೆ ಮರಿ ಇದೆ’ ಅಂದ ಕೂಡಲೇ ಆ ಕಡೆಯ ದನಿ ತಣ್ಣಗಾಗುತ್ತೆ. ಹದಿನಾಲ್ಕು ವಾರದ ಮರಿಯನ್ನ ಯಾರದೋ ಬೋರ್ಡಿಂಗ್‌ನಲ್ಲಿ ಬಿಟ್ಟು ಹೋಗೋಕೆ ನನಗೂ ಹೆಂಡತಿಗೂ ಮನಸ್ಸಿರಲಿಲ್ಲ. ಅದಕ್ಕೇ ಮ್ಯಾಂಚೆಸ್ಟರ್ ಆಫೀಸಿನ ಗೆಳೆಯನೊಬ್ಬ ‘ಕೆಸಿಕ್ ಹತ್ರ ನಮ್ಮ ಕ್ಯಾರವಾನ್ ನಿಂತಿದೆ, ಮೇ ತಿಂಗಳಲ್ಲಿ ನಾಲ್ಕು ದಿನ ಇದ್ದು ಬನ್ನಿ’ ಅಂದಾಗ ನಾವು ಎರಡನೇ ಸಲ ಯೋಚಿಸಲಿಲ್ಲ.

ಮರಿ ಬೆಲ್ಲದ ಬಣ್ಣದ ಕಾಕರ್ ಸ್ಪ್ಯಾನಿಯಲ್. ಗಂಡು. ಹೆಸರು ಬೆಲ್ಲ. ಇಂಗ್ಲೆಂಡಿನಲ್ಲಿ ‘ಬೆಲ್ಲಾ’ ಅಂತ ಹೆಣ್ಣು ನಾಯಿಗಳು ಬೀದಿಗೊಂದಿವೆ. ಹಾಗಾಗಿ ದಾರೀಲಿ ಸಿಕ್ಕವರೆಲ್ಲ ‘ಎಷ್ಟು ಮುದ್ದಾದ ಹುಡುಗಿ’ ಅಂತಾರೆ. ಮೊದಲ ವಾರ ತಿದ್ದಿದೆವು. ಈಗ ಸುಮ್ಮನೆ ಥ್ಯಾಂಕ್ಸ್ ಅಂತೀವಿ.

ಈ ವಯಸ್ಸಿನಲ್ಲಿ ಕರೆದುಕೊಂಡು ಹೋಗೋದಕ್ಕೆ ಒಂದು ಕಾರಣ ಇದೆ. ಮರಿಗೆ ಮೂರು ವಾರದಿಂದ ಸುಮಾರು ಮೂರೂವರೆ ತಿಂಗಳವರೆಗಿನ ಕಾಲ ಜಗತ್ತನ್ನ ಪರಿಚಯ ಮಾಡಿಕೊಳ್ಳೋ ಕಾಲ. ಆಗ ಕಂಡದ್ದು ಮಾಮೂಲು ಅನ್ನಿಸುತ್ತೆ. ಆಮೇಲೆ ಮೊದಲ ಸಲ ಕಂಡದ್ದಕ್ಕೆ ಹೆದರಬಹುದು, ಇಲ್ಲಾ ಬೆನ್ನಟ್ಟಬಹುದು. ಆದರೆ ಲಸಿಕೆ ಪೂರ್ತಿಯಾಗದೆ ಹೊರಗೆ ನೆಲದ ಮೇಲೆ ಬಿಡೋ ಹಾಗೂ ಇಲ್ಲ. ಪಾರ್ವೋ, ಡಿಸ್ಟೆಂಪರ್, ಇಲಿಜ್ವರ ಎಲ್ಲಕ್ಕೂ ಚುಚ್ಚಿಸಿ, ಡಾಕ್ಟರ್ ಹೇಳಿದಷ್ಟು ದಿನ ಕಾದು ಮುಗಿಯೋ ಹೊತ್ತಿಗೆ ಈ ಕಿಟಕಿಯ ಬಾಗಿಲು ಅರ್ಧ ಮುಚ್ಚಿರುತ್ತೆ. ಉಳಿದ ಸಂದಿಯಲ್ಲೇ ನಮ್ಮ ನಾಲ್ಕು ದಿನ.

ಮ್ಯಾಂಚೆಸ್ಟರ್‌ನಿಂದ ಕೆಸಿಕ್‌ಗೆ ಸುಮಾರು 175 ಕಿಲೋಮೀಟರ್. ಇಲ್ಲಿನ ಹೈವೇ ಕೋಡ್ ಪ್ರಕಾರ ಓಡೋ ಕಾರಲ್ಲಿ ನಾಯಿಯನ್ನ ಬೆಲ್ಟ್‌ಗೋ ಗೂಡಿಗೋ ಕಟ್ಟುನಿಟ್ಟಾಗಿ ಸೇರಿಸಿರಬೇಕು. ಬೆಲ್ಲ ಮನೆಯಲ್ಲಿ ಮಲಗೋ ಗೂಡನ್ನೇ ಹಿಂದಿನ ಸೀಟಿನಲ್ಲಿಟ್ಟು ಬಿಗಿದೆವು. ಹೊರಡೋ ಎರಡು ಗಂಟೆ ಮೊದಲೇ ಊಟ ಬಂದ್, ಇಲ್ಲಾಂದ್ರೆ ವಾಂತಿ ಗ್ಯಾರಂಟಿ. ಟೀಬೇ ಸರ್ವೀಸಸ್‌ನಲ್ಲಿ ನಿಲ್ಲಿಸಿದಾಗ ಅಲ್ಲಿನ ಕೊಳದ ಬಾತುಕೋಳಿಗಳನ್ನ ನೋಡಿ ಬೆಲ್ಲ ಕಲ್ಲಾಗಿ ನಿಂತುಬಿಟ್ಟ. ಬಾಲ ನೆಟ್ಟಗೆ, ಒಂದು ಕಾಲು ಮೇಲೆ. ತಲೆತಲಾಂತರದಿಂದ ಪೊದೆಯೊಳಗಿನ ಹಕ್ಕಿ ಎಬ್ಬಿಸಿದ ಜಾತಿ ಅದು. ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ನಾವು ಹೋಗ್ತಿದ್ದದ್ದು ಕುರಿಗಳ ಊರಿಗೆ, ಅದೂ ಮರಿ ಹಾಕಿದ ಸೀಸನ್ನಿನಲ್ಲಿ.

ಲೇಕ್ ಡಿಸ್ಟ್ರಿಕ್ಟಿನ ಹರ್ಡ್‌ವಿಕ್ ಕುರಿಗಳಿಗೆ ಬೆಟ್ಟದ ಮೇಲೆ ಬೇಲಿ ಇರಲ್ಲ. ತಾಯಿ ಜೊತೆ ಓಡಾಡಿ, ಯಾವ ಇಳಿಜಾರು ತಮ್ಮದು ಅಂತ ಮರಿಗಳೇ ಕಲಿಯುತ್ತವೆ. ಹುಟ್ಟುವಾಗ ಕಪ್ಪು, ವಯಸ್ಸಾದಂತೆ ಬೂದು. ಉಣ್ಣೆ ಒರಟು, ಕಾರ್ಪೆಟ್ಟಿಗೆ ಹೋಗುತ್ತೆ. ವಿಡಿಯೋ ಕಾಲ್‌ನಲ್ಲಿ ತೋರಿಸಿದೆ. ಚಳ್ಳಕೆರೆ ಕಡೆಯ ಕುರಿಹಟ್ಟಿಯಲ್ಲಿ ಬೆಳೆದ ಅಪ್ಪ, ‘ನಮ್ ಕಂಬ್ಳಿ ಉಣ್ಣೆ ಇದ್ದಂಗೈತಲ್ಲೋ’ ಅಂದರು. ಆಮೇಲೆ ದನಿ ಇಳಿಸಿ, ‘ನಾಯಿಗೆ ಕುರಿ ತೋರ್ಸು, ಆದ್ರೆ ಕುರಿ ಓಡೋದನ್ನ ತೋರಿಸ್ಬೇಡ. ಒಂದ್ಸಲ ಓಡ್ಸಿ ರುಚಿ ಕಂಡ್ರೆ ಮುಗೀತು’ ಅಂದರು.

ಕ್ಯಾರವಾನ್ ಅಂದ್ರೆ ಚಕ್ರದ ಮೇಲಿನ ಒನ್ ಬಿಎಚ್‌ಕೆ ಅಂದುಕೊಂಡಿದ್ದೆ. ಬಿಎಚ್ ಯಾವುದೂ ಇಲ್ಲ, ಕೆ ಮಾತ್ರ ಇದೆ. ನೀರನ್ನ ಉರುಳಿಸಿಕೊಂಡು ಬರೋ ಡ್ರಮ್ಮಿನಲ್ಲಿ ತುಂಬಬೇಕು, ತೊಳೆದ ನೀರನ್ನ ಇನ್ನೊಂದರಲ್ಲಿ ಹಿಡಿದು ಚೆಲ್ಲಬೇಕು. ಕರೆಂಟು 10 ಆಂಪ್, ಅಂದ್ರೆ ಸುಮಾರು 2,300 ವ್ಯಾಟ್. ಕೆಟಲ್ಲೂ ಹೀಟರ್ರೂ ಒಟ್ಟಿಗೆ ಹಾಕಿದರೆ ಟ್ರಿಪ್. ಕಾಫಿನಾ ಬೆಚ್ಚಗಿರೋದಾ ಅಂತ ಆರಿಸಿಕೊಳ್ಳಬೇಕು. ಮರಿಗೆ ಮಾತ್ರ ಸ್ವರ್ಗ: ಎಲ್ಲಿ ಕೂತರೂ ಇಬ್ಬರೂ ಕೈಗೆ ಸಿಗ್ತೀವಿ. ಮೆಟ್ಟಿಲು ಎತ್ತರ ಅಂತ ಪ್ರತಿ ಸಲ ಎತ್ತಿಕೊಂಡೇ ಇಳಿಸಿದೆವು. ಎಳೆ ಕೀಲುಗಳಿಗೆ ಹಾರೋದು ಒಳ್ಳೆಯದಲ್ಲ.

ಮೊದಲ ರಾತ್ರಿ ಮಳೆ. ಪಕ್ಕದ ಬಾರೊಡೇಲ್ ಕಣಿವೆಯ ಸೀತ್‌ವೇಟ್‌ನಲ್ಲಿ ವರ್ಷಕ್ಕೆ 3,000 ಮಿಲಿಮೀಟರ್ ಮೀರಿ ಸುರಿಯುತ್ತೆ. ಆಗುಂಬೆ ಮುಂದೆ ಅದು ಅರ್ಧಕ್ಕೂ ಕಮ್ಮಿ. ಆದರೆ ತಲೆಯಿಂದ ನಾಲ್ಕಡಿ ಮೇಲೆ ಬಡಿಯೋ ಮಳೆಗೆ ಲೆಕ್ಕ ಬೇರೆ. ಬೆಲ್ಲ ನಡುಗಿದ. ಗೂಡನ್ನ ಹಾಸಿಗೆ ಪಕ್ಕಕ್ಕೆ ಎಳೆದು, ಒಗೆಯದೇ ತಂದಿದ್ದ ಅವನ ಹಳೇ ಹೊದಿಕೆ ಹಾಕಿ, ಹೆಂಡತಿ ಕೈ ಒಳಗೆ ಇಟ್ಟೇ ಮಲಗಿದಳು. ಎರಡು ಗಂಟೆಗೆ ಒಮ್ಮೆ, ಐದಕ್ಕೆ ಒಮ್ಮೆ ನಾನು ಕೊಡೆ ಹಿಡಿದು ಹೊರಗೆ ಕರೆದೊಯ್ದೆ. ಎರಡನೇ ರಾತ್ರಿ ಅದೇ ಮಳೆಗೆ ಗೊರಕೆ ಹೊಡೆದ.

ಬೆಳಗ್ಗೆ ಕ್ಯಾಟ್‌ಬೆಲ್ಸ್ ಬೆಟ್ಟ ಕಣ್ಣೆದುರಿಗೇ ಇತ್ತು. ಬರೀ 451 ಮೀಟರ್. ಆದರೆ ಈ ವಯಸ್ಸಿಗೆ ದಿನಕ್ಕೆ ಹದಿನೈದಿಪ್ಪತ್ತು ನಿಮಿಷದ ಎರಡು ನಡಿಗೆ ಸಾಕು. ಬೆಟ್ಟ ಅಲ್ಲೇ ಇರುತ್ತೆ ಅಂತ ಬಿಟ್ಟೆವು. ಬದಲಿಗೆ ಕಲ್ಲಿನ ಗೋಡೆ ಪಕ್ಕ, ಕುರಿಗಳಿಂದ ಮೂವತ್ತು ಮೀಟರ್ ದೂರದಲ್ಲಿ ಚಾಪೆ ಹಾಸಿ ಕೂತೆವು. ಬೆಲ್ಲನ ಕೊರಳಿಗೆ ಗಿಡ್ಡ ಹಗ್ಗ. ಅವನು ಕುರಿ ನೋಡ್ತಾನೆ, ನಾವು ಸುಮ್ಮನಿರ್ತೀವಿ. ತಾನಾಗಿ ತಿರುಗಿ ನಮ್ಮ ಮುಖ ನೋಡಿದರೆ ಒಂದು ಚೂರು ಚೀಸ್. ಅಷ್ಟೇ ಕೆಲಸ. ಹತ್ತು ನಿಮಿಷ, ಎದ್ದು ವಾಪಸ್.

ಎರಡನೇ ದಿನ ಒಬ್ಬ ರೈತ ಕ್ವಾಡ್ ಬೈಕ್ ನಿಲ್ಲಿಸಿದ. ಬೈತಾನೆ ಅಂದುಕೊಂಡೆ. ಸ್ವಲ್ಪ ಹೊತ್ತು ನೋಡಿ, ‘ಹೆಸರೇನು?’ ಅಂದ. ಹೇಳಿದೆ. ‘ಒಳ್ಳೇ ಹುಡುಗಿ’ ಅಂದ. ಆಮೇಲೆ ಬೆಟ್ಟದ ಕಡೆ ಕೈ ತೋರಿಸಿ ಹೇಳಿದ: ಮಾರ್ಚ್‌ನಲ್ಲಿ ಪ್ರವಾಸಿಗರ ನಾಯಿಯೊಂದು ಗಬ್ಬದ ಕುರಿಗಳನ್ನ ಓಡಿಸಿತ್ತಂತೆ. ಒಂದನ್ನೂ ಕಚ್ಚಿರಲಿಲ್ಲ. ಆದರೂ ಎರಡು ಕುರಿ ಕಂದು ಹಾಕಿದವು. ‘ಅವರು ಸಾರಿ ಅಂದ್ರು. ಆಟ ಆಡ್ತಿತ್ತು ಅಷ್ಟೇ ಅಂದ್ರು’ ಅಂತ ಹೇಳಿ ಗಾಡಿ ಶುರು ಮಾಡಿದ.

ಇಲ್ಲಿನ 1971ರ ಕಾನೂನಿನಲ್ಲಿ, ಕುರಿ ಬೆನ್ನಟ್ಟೋ ನಾಯಿಯನ್ನ ತಡೆಯೋಕೆ ಬೇರೆ ದಾರಿ ಇಲ್ಲದಾಗ ಗುಂಡು ಹೊಡೆದ ರೈತನಿಗೆ ರಕ್ಷಣೆ ಇದೆ. ಪೊಲೀಸರಿಗೆ 48 ಗಂಟೆಯೊಳಗೆ ತಿಳಿಸಬೇಕು, ಅಷ್ಟೇ. ಮೊದಲ ಸಲ ಓದಿದಾಗ ಕ್ರೂರ ಅನ್ನಿಸಿತ್ತು. ಅವನ ಮುಖ ನೋಡಿದ ಮೇಲೆ ಎರಡೂ ಕಡೆ ನಿಂತು ಯೋಚಿಸೋ ಹಾಗಾಯ್ತು. ನಾಲ್ಕು ತಿಂಗಳೂ ತುಂಬದ ಈ ಮುದ್ದೆಯ ಜೀವ, ಅವನ ವರ್ಷದ ದುಡಿಮೆ, ಎರಡೂ ನನ್ನ ಕೈಯಲ್ಲಿರೋ ಹಗ್ಗದಲ್ಲಿವೆ.

ನಾಲ್ಕನೇ ದಿನ ಒಂದು ತಾಯಿ ಕುರಿ ನಮ್ಮ ಕಡೆ ತಿರುಗಿ ಮುಂಗಾಲು ನೆಲಕ್ಕೆ ಬಡಿಯಿತು. ಬೆಲ್ಲ ನೋಡಿದ, ಆಕಳಿಸಿದ, ನನ್ನ ಶೂ ಮೇಲೆ ತಲೆ ಇಟ್ಟು ಮಲಗಿದ. ಕಲಿತುಬಿಟ್ಟ ಅಂತ ಅಲ್ಲ. ಆರೇಳು ತಿಂಗಳಿಗೆ ಹರೆಯ ಬಂದಾಗ ಕಲಿತದ್ದೆಲ್ಲ ಮರೀತಾನಂತೆ. ಹಾಗಾಗಿ ಕುರಿ ಕಂಡಲ್ಲೆಲ್ಲ ಹಗ್ಗ ಕೈಯಲ್ಲೇ.

ಮರಿ ಜೊತೆ ಹೊರಡೋರಿಗೆ ನಾಲ್ಕು ಮಾತು. ಮೊದಲ ಪ್ರವಾಸ ಎರಡು ಗಂಟೆ ದೂರ ಮೀರದಿರಲಿ, ಮನೆಯ ಆಹಾರವನ್ನೇ ಒಯ್ಯಿರಿ. ಹೋಗೋ ಊರಿನ ಪಶುವೈದ್ಯರ ನಂಬರ್ ಮೊದಲೇ ಸೇವ್ ಮಾಡಿ. ಹುಲ್ಲಲ್ಲಿ ಓಡಾಡಿ ಬಂದ ಮೇಲೆ ಕಿವಿ, ಕಂಕುಳು, ಬೆರಳ ಸಂದಿಯಲ್ಲಿ ಉಣ್ಣಿ ಹುಡುಕಿ. ಉಪ್ಪಿಟ್ಟಿನ ಈರುಳ್ಳಿ, ಕೇಸರಿಬಾತಿನ ದ್ರಾಕ್ಷಿ ಎರಡೂ ನಾಯಿಗೆ ವಿಷ, ಚಿಕ್ಕ ಅಡುಗೆಮನೆಯಲ್ಲಿ ಚೆಲ್ಲಿದ್ದು ಮೊದಲು ಸಿಗೋದು ಅದಕ್ಕೇ. ಬಿಸಿಲಲ್ಲಿ ಕ್ಯಾರವಾನ್ ಕಾದ ಡಬ್ಬಿ, ಐದೇ ನಿಮಿಷ ಅಂತ ಒಳಗೆ ಬಿಟ್ಟು ಹೋಗಬೇಡಿ.

ಸೆಪ್ಟೆಂಬರಿಗೆ ಅದೇ ಜಾಗ ಮತ್ತೆ ಕೇಳಿದ್ದೀವಿ. ಕ್ಯಾಟ್‌ಬೆಲ್ಸ್ ಹತ್ತೋ ಆಸೆ ಇದೆ, ಬೆಲ್ಲನ ಕಾಲು ಒಪ್ಪಿದಷ್ಟು ದೂರ.