ಡ್ರೆಸಾಜ್ ವಿದ್ಯೆ ಪುಸ್ತಕ, ವಿಡಿಯೊಗಳಿಂದ ಒಲಿಯುತ್ತದೆಯೇ?

2023ರ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತದ ಡ್ರೆಸಾಜ್ (ಕುದುರೆಯನ್ನು ನಯವಾದ ನಡೆಗಳಿಗೆ ಪಳಗಿಸುವ ಸವಾರಿ ವಿದ್ಯೆ) ತಂಡ ಚಿನ್ನ ಗೆದ್ದಿತು. ಗೆದ್ದ ಸವಾರರು ಯುರೋಪಿನಲ್ಲಿ ತರಬೇತಿ ಪಡೆದವರು. ಅಲ್ಲಿಗೆ ಹೋಗಲಾಗದವರು ಈ ವಿದ್ಯೆಯನ್ನು ಓದಿ, ನೋಡಿ ಕಲಿಯಬಹುದೇ? ಇಬ್ಬರು ಸವಾರರ ಉತ್ತರ ಇಲ್ಲಿದೆ.

ಪರ: ಈ ವಿದ್ಯೆ ಬೆಳೆದದ್ದೇ ಪುಸ್ತಕದಲ್ಲಿ
(ಲೇಖಕಿ ಬೆಂಗಳೂರಿನ ಹವ್ಯಾಸಿ ಸವಾರರು)

ಗುರುವಿಲ್ಲದೆ ವಿದ್ಯೆಯಿಲ್ಲ ಎನ್ನುವವರು ಡ್ರೆಸಾಜ್‌ನ ಚರಿತ್ರೆಯನ್ನು ಒಮ್ಮೆ ತಿರುವಿ ನೋಡಲಿ. ಅದರ ಅತಿ ಮುಖ್ಯ ಪಾಠ ರೂಪುಗೊಂಡದ್ದು ಒಬ್ಬ ಸವಾರ ತಾನು ಕಣ್ಣಿಂದ ಕಾಣದ ಇನ್ನೊಬ್ಬ ಸವಾರನ ಪುಸ್ತಕ ಓದಿ, ಅದರ ಜೊತೆ ವಾದಕ್ಕಿಳಿದದ್ದರಿಂದ.

ಇಂಗ್ಲೆಂಡಿನ ಅಂತರ್ಯುದ್ಧದಲ್ಲಿ ಸೋತು ದೇಶ ಬಿಟ್ಟ ವಿಲಿಯಂ ಕ್ಯಾವೆಂಡಿಷ್, ಅಂದರೆ ಮುಂದೆ ನ್ಯೂಕ್ಯಾಸಲ್‌ನ ಡ್ಯೂಕ್ ಆದವನು, ಆಂಟ್ವರ್ಪ್‌ನಲ್ಲಿ ಚಿತ್ರಕಾರ ರೂಬೆನ್ಸ್ ಬಾಳಿದ್ದ ಮನೆಯನ್ನು ಬಾಡಿಗೆಗೆ ಹಿಡಿದು ಕುದುರೆ ಪಳಗಿಸುತ್ತಿದ್ದ. 1658ರಲ್ಲಿ ಅಲ್ಲಿಂದಲೇ ತನ್ನ ವಿಧಾನದ ಮೇಲೆ ದೊಡ್ಡದೊಂದು ಪುಸ್ತಕವನ್ನು ಫ್ರೆಂಚ್‌ನಲ್ಲಿ ಹೊರತಂದ. ಕುದುರೆಯ ಹೆಗಲು ಸಡಿಲವಾಗಬೇಕಾದರೆ ಅದರ ತಲೆಯನ್ನು ಒಳಕ್ಕೆ ಬಾಗಿಸಿ ವೃತ್ತದಲ್ಲಿ ನಡೆಸಬೇಕು ಎಂಬುದು ಅವನ ಮತ. ಅವನು ತೀರಿಕೊಂಡದ್ದು 1676ರಲ್ಲಿ. ಫ್ರಾನ್ಸ್‌ನ ಸವಾರ ಲಾ ಗೆರಿನಿಯೇರ್ ಹುಟ್ಟಿದ್ದು 1688ರಲ್ಲಿ. ಇವರಿಬ್ಬರೂ ಎದುರುಬದುರು ಕೂತು ಮಾತಾಡುವ ಸಾಧ್ಯತೆಯೇ ಇರಲಿಲ್ಲ.

ಆದರೂ ಮಾತುಕತೆ ನಡೆಯಿತು. ಗೆರಿನಿಯೇರ್ ಆ ಡ್ಯೂಕನನ್ನು ಗೌರವದಿಂದ ಓದಿದ. ಹೆಗಲು ಸಡಿಲವಾಗಬೇಕು ಎಂಬುದನ್ನು ಒಪ್ಪಿದ, ವೃತ್ತವನ್ನು ಒಪ್ಪಲಿಲ್ಲ. ವೃತ್ತದಲ್ಲೇ ಸುತ್ತುವ ಕುದುರೆ ತನ್ನ ಭಾರವನ್ನು ಮುಂಗಾಲಿನ ಮೇಲೆ ಚೆಲ್ಲುತ್ತದೆ, ಭಾರ ಹೊರಬೇಕಾದ ಹಿಂಗಾಲು ತಪ್ಪಿಸಿಕೊಳ್ಳುತ್ತದೆ ಎಂದು ಕಂಡುಕೊಂಡ. ಅದೇ ಬಾಗನ್ನು ಗೋಡೆಯ ಉದ್ದಕ್ಕೂ ನೇರ ದಾರಿಗೆ ತಂದ. 1733ರ ‘ಎಕೋಲ್ ದ ಕವಾಲರಿ’ ಎಂಬ ತನ್ನ ಪುಸ್ತಕದಲ್ಲಿ ಅದನ್ನು ವಿವರಿಸಿದ. ಅದೇ ಶೋಲ್ಡರ್-ಇನ್.

ಇಂದು ಜಗತ್ತಿನ ಯಾವ ಡ್ರೆಸಾಜ್ ಅಂಗಳಕ್ಕೆ ಹೋದರೂ ಈ ಪಾಠ ಇದ್ದೇ ಇದೆ. ಕುದುರೆ ಗೋಡೆಯ ಪಕ್ಕದಲ್ಲಿ ಸಾಗುತ್ತದೆ, ಆದರೆ ಅದರ ಹೆಗಲು ಅಂಗಳದ ಒಳಕ್ಕೆ ಬಂದಿರುತ್ತದೆ. ಮೈ ಸವಾರನ ಒಳಗಾಲಿನ ಸುತ್ತ ಬಾಗಿರುತ್ತದೆ. ಕುದುರೆ ತಾನು ಹೋಗುವ ದಿಕ್ಕಿಗೆ ನೋಡದೆ ಅದರಿಂದ ಆಚೆಗೆ ನೋಡುತ್ತಿರುತ್ತದೆ. ಒಳಗಿನ ಹಿಂಗಾಲು ಹೊಟ್ಟೆಯ ಅಡಿಗೆ ಬಂದು ಊರುತ್ತದೆ. ಆ ಕಾಲು ಭಾರ ಹೊತ್ತಾಗ ಸೊಂಟ ತಗ್ಗುತ್ತದೆ, ಹೆಗಲು ಹಗುರವಾಗುತ್ತದೆ. ಲಗಾಮು ಎಳೆದು ಕುದುರೆಯ ಕತ್ತು ಮಣಿಸುವವರು ಹುಡುಕುತ್ತಿರುವುದೂ ಈ ಹಗುರವನ್ನೇ, ಆದರೆ ತಪ್ಪು ಜಾಗದಲ್ಲಿ. ಇಷ್ಟನ್ನು ನನಗೆ ತಿಳಿಸಿದ್ದು ಪುಸ್ತಕ. ಅಂಗಳದಲ್ಲಿ ನನಗೆ ಸಿಕ್ಕ ಸೂಚನೆಗಳು ಎರಡೇ: ಹಿಮ್ಮಡಿ ಕೆಳಗೆ, ತಲೆ ಮೇಲೆ. ಅವು ತಪ್ಪಲ್ಲ. ಆದರೆ ಯಾಕೆ ಎಂದು ಕೇಳಿದರೆ ಉತ್ತರ ಬರುತ್ತಿರಲಿಲ್ಲ. ಪುಸ್ತಕ ಮೊದಲು ಹೇಳುವುದೇ ಆ ‘ಯಾಕೆ’ಯನ್ನು.

ಇದು ಒಂದೇ ಉದಾಹರಣೆಯಲ್ಲ. ಪೂರ್ತಿಯಾಗಿ ನಮಗೆ ಉಳಿದು ಬಂದಿರುವ ಸವಾರಿ ಗ್ರಂಥಗಳಲ್ಲಿ ತೀರ ಹಳೆಯದು ಗ್ರೀಸಿನ ಕ್ಸೆನೊಫೋನ್ ಕ್ರಿ.ಪೂ. 4ನೇ ಶತಮಾನದಲ್ಲಿ ಬರೆದದ್ದು. ಅವನೂ ಆರಂಭಿಸುವುದು ತನಗಿಂತ ಮೊದಲು ಬರೆದ ಅಥೆನ್ಸಿನ ಸೈಮನ್‌ನ ಕೃತಿಯನ್ನು ನೆನೆದೇ. ಬಲವಂತದಿಂದ ಮಾಡಿಸಿದ್ದನ್ನು ಕುದುರೆ ಅರ್ಥಮಾಡಿಕೊಳ್ಳುವುದಿಲ್ಲ ಎಂದು ಅವನು ಆಗಲೇ ಬರೆದ. ಎರಡು ಸಾವಿರ ವರ್ಷ ಆ ಮಾತನ್ನು ಹೊತ್ತು ತಂದದ್ದು ಗುರುಪರಂಪರೆಯಲ್ಲ, ಹಸ್ತಪ್ರತಿ.

ಇನ್ನು ಬಾಯಿಂದ ಬಾಯಿಗೆ ಬರುವ ವಿದ್ಯೆಯ ಬಾಗಿಲು ಯಾರಿಗೆ ತೆರೆದಿತ್ತು? ವಿಯೆನ್ನಾದ ಸ್ಪ್ಯಾನಿಷ್ ರೈಡಿಂಗ್ ಸ್ಕೂಲ್ ಶತಮಾನಗಳ ಸಂಸ್ಥೆ. ಗೆರಿನಿಯೇರ್‌ನ ಪುಸ್ತಕವನ್ನು ತನ್ನ ಬುನಾದಿ ಎಂದು ಒಪ್ಪಿಕೊಂಡ ಸಂಸ್ಥೆ. 2008ರವರೆಗೆ ಅದು ಹೆಣ್ಣುಮಕ್ಕಳನ್ನು ಸವಾರಿ ಶಿಷ್ಯರನ್ನಾಗಿ ಸೇರಿಸಿಕೊಳ್ಳಲಿಲ್ಲ. ಅಲ್ಲಿಯವರೆಗೆ ಆ ವಿದ್ಯೆ ಬೇಕೆಂದ ಹೆಣ್ಣು ಅದೇ ಸಂಸ್ಥೆಯ ಮುಖ್ಯಸ್ಥರಾಗಿದ್ದ ಆಲೊಯಿಸ್ ಪೊಡಾಜ್ಸ್ಕಿ ಬರೆದ ಪುಸ್ತಕಗಳನ್ನು ಓದಬಹುದಿತ್ತು, ಶಿಷ್ಯೆಯಾಗಿ ಒಳಗೆ ಕಾಲಿಡುವಂತಿರಲಿಲ್ಲ. ಓದುವವರ ಜಾತಿ, ಲಿಂಗ, ದೇಶ, ಹಣದ ಚೀಲ ಯಾವುದನ್ನೂ ಪುಸ್ತಕ ಕೇಳುವುದಿಲ್ಲ. ಜರ್ಮನಿಯಲ್ಲಿ ವರ್ಷಗಟ್ಟಲೆ ಉಳಿದು ಕಲಿಯುವ ಶಕ್ತಿ ನಮ್ಮಲ್ಲಿ ಎಷ್ಟು ಮನೆಗಳಿಗಿದೆ?

ವಿಡಿಯೊದ ಮಾತಿಗೆ ಬರೋಣ. ಓಡುವ ಕುದುರೆಯ ನಾಲ್ಕೂ ಕಾಲು ಒಟ್ಟಿಗೆ ನೆಲ ಬಿಡುತ್ತವೆಯೇ, ಬಿಟ್ಟರೆ ಯಾವಾಗ ಎಂಬುದನ್ನು ಮನುಷ್ಯ ಸಾವಿರಾರು ವರ್ಷ ಕುದುರೆಯ ಜೊತೆ ಬಾಳಿಯೂ ಹೇಳಲಾರದೆ ಹೋದ. ಮಹಾ ಚಿತ್ರಕಾರರು ಮುಂಗಾಲನ್ನು ಮುಂದಕ್ಕೂ ಹಿಂಗಾಲನ್ನು ಹಿಂದಕ್ಕೂ ಚಾಚಿದ ಕುದುರೆಗಳನ್ನು ಬರೆದರು. 1878ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಛಾಯಾಗ್ರಾಹಕ ಮೈಬ್ರಿಜ್ ಸಾಲಾಗಿ ಕ್ಯಾಮೆರಾ ಇಟ್ಟು ತೆಗೆದ ಚಿತ್ರಗಳು ಸತ್ಯ ಹೇಳಿದವು: ಕಾಲುಗಳು ನೆಲ ಬಿಡುವುದು ಹೊಟ್ಟೆಯ ಅಡಿ ಕೂಡಿದಾಗ. ಅನುಭವಿ ಕಣ್ಣಿಗೂ ಮಿತಿಯಿದೆ ಎನ್ನಲು ಇದಕ್ಕಿಂತ ಸಾಕ್ಷಿ ಬೇಡ. ಸವಾರಿಯಲ್ಲೂ ಹಾಗೆಯೇ: ಕ್ಯಾಂಟರ್ (ಹದ ವೇಗದ ಓಟ) ನಡೆಗೆ ಮೂರು ತಾಳ ಇರಬೇಕು. ಕುದುರೆಯನ್ನು ಅತಿಯಾಗಿ ತಡೆದು ಹಿಡಿದಾಗ ಜೋಡಿಯಾಗಿ ಊರಬೇಕಾದ ಕಾಲುಗಳು ಬೇರೆಬೇರೆಯಾಗಿ ಊರಿ ನಾಲ್ಕು ತಾಳವಾಗುತ್ತದೆ. ಇದನ್ನು ಇಂದು ಮೊಬೈಲಿನಲ್ಲಿ ನಿಧಾನಗತಿಯಲ್ಲಿ ಯಾರು ಬೇಕಾದರೂ ನೋಡಬಹುದು. ನನ್ನ ಸವಾರಿಯನ್ನು ಗೆಳತಿ ಚಿತ್ರೀಕರಿಸುತ್ತಾಳೆ, ಸಂಜೆ ಪುಸ್ತಕ ತೆರೆದಿಟ್ಟು ನೋಡುತ್ತೇನೆ. ಇದಕ್ಕಿಂತ ನಿಷ್ಠುರ ಮೇಷ್ಟ್ರು ನನಗೆ ಸಿಕ್ಕಿಲ್ಲ.

ಓದಿನಿಂದ ಇನ್ನೂ ದೊಡ್ಡದೊಂದು ಬಲ ಬರುತ್ತದೆ. 2024ರಲ್ಲಿ, ಪ್ಯಾರಿಸ್ ಒಲಿಂಪಿಕ್ಸ್‌ಗೆ ದಿನಗಳಿರುವಾಗ, ಮೂರು ಒಲಿಂಪಿಕ್ ಚಿನ್ನ ಗೆದ್ದಿದ್ದ ಬ್ರಿಟನ್ನಿನ ಸವಾರರೊಬ್ಬರು ಕಣದಿಂದ ಹಿಂದೆ ಸರಿದರು. ಹಿಂದೊಮ್ಮೆ ಪಾಠ ಹೇಳುವಾಗ ಕುದುರೆಯ ಕಾಲುಗಳಿಗೆ ಅವರು ಮತ್ತೆ ಮತ್ತೆ ಚಾವಟಿ ಬೀಸಿದ ವಿಡಿಯೊ ಹೊರಬಂದಿತ್ತು. ಅವರು ಗುರುವಿನ ಸ್ಥಾನದಲ್ಲೇ ನಿಂತಿದ್ದವರು ಎಂಬುದನ್ನು ಮರೆಯಬೇಡಿ. ಗುರು ಹೊಡೆಯುವಾಗ ‘ಇದು ಈ ವಿದ್ಯೆಯಲ್ಲ’ ಎನ್ನಲು ಶಿಷ್ಯನಿಗೆ ಎಲ್ಲಿಂದ ಧೈರ್ಯ ಬರಬೇಕು? ಓದಿನಿಂದಲೇ.

ಗುರುವಿಲ್ಲದೆ ಕಲಿತರೆ ಬೀಳುತ್ತೀರಿ, ಕೈ ಒರಟಾಗುತ್ತದೆ ಎಂಬ ಆಕ್ಷೇಪ ಹಳೆಯದು. ಗುರುವಿದ್ದವರೂ ಬೀಳುತ್ತಾರೆ. ಶಾಂತ ಸ್ವಭಾವದ, ಪಳಗಿದ ಕುದುರೆ ಬೇಕು, ಒಪ್ಪುತ್ತೇನೆ. ಅಂಗಳದಂಚಿನಲ್ಲಿ ನಿಂತು ನೋಡುವ ಒಂದು ಜೊತೆ ಕಣ್ಣೂ ಬೇಕು. ಆ ಕಣ್ಣು ಓದಿದ ಕಣ್ಣಾಗಿರಲಿ, ಅಷ್ಟು ಸಾಕು.

ವಿರೋಧ: ಕಾಲು ಎತ್ತುವ ಕ್ಷಣ ಪುಟದಲ್ಲಿ ಸಿಗದು
(ಲೇಖಕರು ಮೈಸೂರಿನ ನಿವೃತ್ತ ರೈಡಿಂಗ್ ಇನ್‌ಸ್ಟ್ರಕ್ಟರ್)

ಹೇಳಬೇಕಾದ ಅಂಶಗಳನ್ನು ಒಂದೊಂದಾಗಿ ಹೇಳುತ್ತೇನೆ.

ಮೊದಲನೆಯದು, ಹೊತ್ತು. ಸವಾರನ ಕಾಲಿನ ಒತ್ತು ಕುದುರೆಯ ಹಿಂಗಾಲಿಗೆ ತಲುಪುವುದು ಆ ಕಾಲು ನೆಲ ಬಿಡಲು ಹೊರಟಾಗ ಮಾತ್ರ. ಅದು ಭಾರ ಹೊತ್ತು ಊರಿರುವಾಗ ಒತ್ತಿದರೆ ಕುದುರೆ ಏನೂ ಮಾಡಲಾರದು. ಬೆನ್ನು ಬಿಗಿ ಹಿಡಿಯುತ್ತದೆ, ಅಷ್ಟೆ. ದುಡುಕಿ (ಟ್ರಾಟ್) ನಡೆಯಲ್ಲಿ ಆ ಅವಕಾಶ ಅರೆ ಸೆಕೆಂಡೂ ಇರುವುದಿಲ್ಲ. ಪಕ್ಕದಲ್ಲಿ ನಿಂತವರು ‘ಈಗ, ಈಗ, ಈಗ’ ಎಂದು ಹೇಳುತ್ತಾ ಹೋಗಬೇಕು. ಹಾಗೆ ಕೇಳುತ್ತಾ ಕೇಳುತ್ತಾ ಸವಾರನ ಸೊಂಟಕ್ಕೆ ಅದು ಗೊತ್ತಾಗಬೇಕು. ವಿಡಿಯೊ ನೋಡುವುದು ಸಂಜೆ. ಆಗ ಕುದುರೆ ಲಾಯದಲ್ಲಿ ಹುಲ್ಲು ತಿನ್ನುತ್ತಿರುತ್ತದೆ.

ಎರಡನೆಯದು, ಕೂರುವ ಭಂಗಿ. ಒಂದು ಕಡೆಗೆ ವಾಲಿ ಕೂತು ಅಭ್ಯಾಸವಾದವನಿಗೆ ಅದೇ ನೆಟ್ಟಗೆ ಅನ್ನಿಸುತ್ತದೆ. ತಿದ್ದಿ ಕೂರಿಸಿದರೆ ಬಿದ್ದೇ ಹೋಗುತ್ತೇನೆ ಎನ್ನುತ್ತಾನೆ. ವಿಯೆನ್ನಾದಲ್ಲಿ ಹೊಸ ಶಿಷ್ಯನನ್ನು ಲಾಂಜ್ ಹಗ್ಗದಲ್ಲಿ (ನಡುವೆ ನಿಂತ ಗುರು ಹಿಡಿದು ಕುದುರೆಯನ್ನು ಸುತ್ತ ನಡೆಸುವ ಉದ್ದ ಹಗ್ಗ), ಕೈಗೆ ಲಗಾಮು ಕೊಡದೆ, ರಿಕಾಬು ಇಲ್ಲದೆ ತಿಂಗಳುಗಟ್ಟಲೆ ಕೂರಿಸುತ್ತಾರೆ. ಅದೂ ಎಲ್ಲ ಬಲ್ಲ ಹಿರಿಯ ಕುದುರೆಯ ಮೇಲೆ. ಹಳೆಯ ಕುದುರೆ ಹೊಸ ಸವಾರನಿಗೆ ಕಲಿಸುತ್ತದೆ, ಹಳೆಯ ಸವಾರ ಹೊಸ ಕುದುರೆಗೆ ಕಲಿಸುತ್ತಾನೆ. ಈ ಕ್ರಮವನ್ನೇ 2015ರಲ್ಲಿ ಯುನೆಸ್ಕೊ ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ಮೂರನೆಯದು, ಕುದುರೆ ಯಾವುದು ಎಂಬುದು. ಇದರ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಯಾಕೆಂದರೆ ನಷ್ಟ ಆಗುವುದು ಇಲ್ಲೇ. ಆ ಹಳೆಯ ಪುಸ್ತಕಗಳ ಬೆನ್ನಿಗಿರುವುದು ಸ್ಪೇನಿನ ತಳಿಗಳು, ವಿಯೆನ್ನಾದ ಲಿಪಿಜ್ಜಾನರ್‌ಗಳು. ದುಂಡು ಮೈ, ಗಿಡ್ಡ ಬೆನ್ನು, ಸೊಂಟದ ಮೇಲೆ ಕೂರಲು ಹುಟ್ಟಿನಿಂದಲೇ ಅನುಕೂಲ. ನಮ್ಮ ರೈಡಿಂಗ್ ಸ್ಕೂಲ್‌ಗಳಲ್ಲಿ ಬಹಳಷ್ಟು ಇರುವುದು ರೇಸ್ ಬಿಟ್ಟು ಬಂದ ಥರೋಬ್ರೆಡ್‌ಗಳು. ಮೈ ಪೂರ್ತಿ ಬಲಿಯುವ ಮೊದಲೇ ಓಡಿಸಿದ ಕುದುರೆಗಳು ಅವು. ಜಾಕಿ ಲಗಾಮು ಬಿಗಿ ಹಿಡಿದಾಗ ಕಡಿವಾಣದ ಮೇಲೆ ಒರಗಿಕೊಂಡು ಓಡುವುದನ್ನು ಕಲಿತಿರುತ್ತವೆ. ಪುಸ್ತಕದಲ್ಲಿ ‘ಲಗಾಮಿನ ಸಂಪರ್ಕ ಇರಲಿ’ ಎಂದಿರುತ್ತದೆ. ಓದಿದವರು ಹಿಡಿಯುತ್ತಾರೆ. ಕುದುರೆಗೆ ಅದು ಓಡು ಎಂದ ಹಾಗೆ. ಓದಿದವರು ಇನ್ನೂ ಬಿಗಿ ಹಿಡಿಯುತ್ತಾರೆ. ಮುಂದೇನಾಗುತ್ತದೆ ಎಂದು ಹೇಳಬೇಕಿಲ್ಲ. ಹಾಗೆಯೇ, ಬೆನ್ನು ನೋಯುತ್ತಿರುವ ಕುದುರೆಗೂ ಸೋಮಾರಿ ಕುದುರೆಗೂ ಕಾಣುವ ಲಕ್ಷಣ ಒಂದೇ: ಎರಡೂ ಮುಂದೆ ಹೋಗುವುದಿಲ್ಲ. ಯಾವುದಕ್ಕೆ ಕಾಲಿನ ಒತ್ತು ಬೇಕು, ಯಾವುದಕ್ಕೆ ಪಶುವೈದ್ಯರು ಬೇಕು ಎಂದು ಬೆನ್ನಿನ ಮೇಲೆ ಕೈಯಾಡಿಸಿ, ಜೀನಿನ ಗುರುತು ನೋಡಿ ಹೇಳಬೇಕು. ಸೈಸ್ (ಕುದುರೆ ನೋಡಿಕೊಳ್ಳುವವರು) ಆಗಿ ಮೂವತ್ತು ವರ್ಷ ದುಡಿದವರು ಒಂದಕ್ಷರ ಓದದೆ ಇದನ್ನು ಹೇಳುತ್ತಾರೆ.

ನಾಲ್ಕನೆಯದು, ಪುಸ್ತಕವೆಲ್ಲ ದಯೆಯ ಪುಸ್ತಕವಲ್ಲ. 1550ರಲ್ಲಿ ನೇಪಲ್ಸ್‌ನ ಗ್ರಿಸೋನೆ ಬರೆದ ಗ್ರಂಥ ಯುರೋಪಿನ ತುಂಬ ಓದಿಸಿಕೊಂಡಿತು. ಮೊಂಡು ಬಿದ್ದ ಕುದುರೆಯ ಮೇಲೆ ಕೋಲಿಗೆ ಕಟ್ಟಿದ ಬೆಕ್ಕನ್ನು ಬಿಡುವ ಉಪಾಯ ಅದರಲ್ಲಿದೆ. ನ್ಯೂಕ್ಯಾಸಲ್‌ನ ಡ್ಯೂಕ್ ಲಗಾಮನ್ನು ಜೀನಿಗೆ ಬಿಗಿದು ಕತ್ತು ಬಾಗಿಸುವ ಪದ್ಧತಿಯನ್ನು ತನ್ನ ಪುಸ್ತಕದಲ್ಲೇ ಹೊಗಳಿಕೊಂಡಿದ್ದಾನೆ. ಯಾವುದನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕು ಎಂಬ ವಿವೇಕ ಓದಿಗೆ ಮೊದಲೇ ಇರಬೇಕಾಗುತ್ತದೆ.

ಐದನೆಯದು, ವಿಡಿಯೊದಲ್ಲಿ ತೋರಿಸುವುದು ಫಲ. ಕುದುರೆ ಇದ್ದಲ್ಲೇ ಕುಣಿಯುವ ಪಿಯಾಫ್ ಒಂದು ನಿಮಿಷದ ನೋಟ. ಅದರ ಹಿಂದೆ ನಾಲ್ಕೈದು ವರ್ಷದ ನಡಿಗೆ, ವಿಶ್ರಾಂತಿ, ವೃತ್ತ, ನೇರ ದಾರಿ ಇರುತ್ತವೆ. ಅವನ್ನು ಯಾರೂ ಚಿತ್ರೀಕರಿಸುವುದಿಲ್ಲ. ನೋಡಿದವರು ಕೊನೆಯ ಪಾಠವನ್ನು ಮೊದಲು ಮಾಡಿಸಲು ಹೋಗುತ್ತಾರೆ.

ಆರನೆಯದು, ಪುಸ್ತಕದ ಪಕ್ಷದವರು ಹೆಸರಿಸುವ ಗೆರಿನಿಯೇರ್‌ಗೂ ಗುರುವಿದ್ದರು. ವಾಂದೈ ಎಂಬವರ ಬಳಿ ಕಲಿತ ಮೇಲೆಯೇ ಅವನು ಬೇರೆಯವರ ಪುಸ್ತಕದ ತಪ್ಪು ಹುಡುಕಿದ್ದು. ಪೊಡಾಜ್ಸ್ಕಿ 1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ ನೀರೋ ಎಂಬ ಕುದುರೆಯ ಮೇಲೆ ಕಂಚು ಗೆದ್ದವರು, ಆಮೇಲೆ ಬರೆದವರು.

ಇಷ್ಟು ಹೇಳಿದ ಮೇಲೆ ಒಂದು ಮಾತನ್ನು ಮುಚ್ಚಿಡಲಾರೆ. ಶೋಲ್ಡರ್-ಇನ್ ಅನ್ನು ಸರಿಯಾಗಿ ಮಾಡಿ ತೋರಿಸಿ, ಎಲ್ಲಿ ತಪ್ಪಿತೆಂದು ಹೇಳಬಲ್ಲವರು ನಮ್ಮ ಕಡೆ ಕಡಿಮೆ. ಬಹುಪಾಲು ಕಲಿಸುವುದು ನಡೆ, ದುಡುಕಿ, ಕ್ಯಾಂಟರ್, ಹಾರಿಸುವುದು. ಕಲಿಸುವವರೂ ಓದಿದ್ದರೆ ಇಷ್ಟು ಕೊರತೆ ಇರುತ್ತಿರಲಿಲ್ಲ. ನನ್ನ ಶಿಷ್ಯರಿಗೆ ನಾನೇ ಪೊಡಾಜ್ಸ್ಕಿಯವರ ಪುಸ್ತಕ ಕೊಟ್ಟು ಓದಿಸಿದ್ದೇನೆ. ಓದಿ ಬಂದವರು ಕೇಳುವ ಪ್ರಶ್ನೆಗಳು ಚೆನ್ನಾಗಿರುತ್ತಿದ್ದವು. ನನಗೂ ಅವುಗಳಿಂದ ಉಪಯೋಗವಾಯಿತು.

ಆದ್ದರಿಂದ ಓದಬೇಡಿ ಎಂದು ನಾನು ಹೇಳುವುದಿಲ್ಲ. ಓದಿದ್ದನ್ನು ಎಳೆಯ ಕುದುರೆಯ ಮೇಲೋ, ರೇಸ್ ಬಿಟ್ಟು ಬಂದ ಕುದುರೆಯ ಮೇಲೋ ಒಬ್ಬರೇ ಪ್ರಯೋಗ ಮಾಡಬೇಡಿ ಎಂದು ಹೇಳುತ್ತೇನೆ. ಮೊದಲು ಲಾಂಜ್ ಮೇಲೆ ಕೂರುವುದನ್ನು ಕಲಿಯಿರಿ. ಕುದುರೆಯ ಬೆನ್ನು, ಹಲ್ಲು, ಗೊರಸು ಪರೀಕ್ಷೆ ಮಾಡಿಸಿ. ವಾರಕ್ಕೊಮ್ಮೆಯಾದರೂ ತಿಳಿದವರನ್ನು ಅಂಗಳದಲ್ಲಿ ನಿಲ್ಲಿಸಿಕೊಳ್ಳಿ. ಸವಾರ ಅರ್ಧಂಬರ್ಧ ಕಲಿತರೆ ಅದರ ನೋವು ಬೀಳುವುದು ಕುದುರೆಯ ಬೆನ್ನಿಗೆ.